ವಿಹಾರಕೂಟದ ಬೋಟು ದಡ ಬಿಡುವ ಮುನ್ನ

ಮಳೆಗಾಲ ಮುಗಿದು ದೀಪಾವಳಿ ಕಳೆಯುತ್ತಿದ್ದಂತೆಯೇ ಮುಂಬಯಿ ಮಹಾನಗರದ ಕನ್ನಡ ಸಂಘ-ಸಂಸ್ಥೆಗಳ ಕಾರ್ಯಕಾರಿ ಸಮಿತಿಯ ಸಭೆಗಳಲ್ಲಿ ವಾರ್ಷಿಕ ವಿಹಾರಕೂಟದ ವಿಷಯ ಚರ್ಚೆಗೆ ಬರುತ್ತದೆ. ಹಿಂದೆಲ್ಲ ಎರಡು ಬಸ್ಸು ಮಾಡಿಕೊಂಡು ಲೋನಾವಳಕ್ಕೋ ಕರ್ಜತ್‌ಗೋ ಹೋಗಿ ಬಂದರೆ ಮುಗಿಯುತ್ತಿತ್ತು. ಈಗ ಗೇಟ್‌ವೇ ಆಫ್ ಇಂಡಿಯಾದಿಂದ ಲಾಂಚ್ ಹಿಡಿದು ಎಲಿಫೆಂಟಾಕ್ಕೆ, ಇಲ್ಲವೇ ಮಾಂಡವಾ ಮಾರ್ಗವಾಗಿ ಅಲಿಬಾಗ್‌ಗೆ ಹೋಗುವ ಉತ್ಸಾಹ ಹೆಚ್ಚಿದೆ. ಮನೆಮಂದಿಯ ಹುಟ್ಟುಹಬ್ಬ, ಮದುವೆಯ ಬೆಳ್ಳಿಹಬ್ಬಗಳಿಗೆ ಕ್ಯಾಬಿನ್ ಇರುವ ಮೋಟಾರು ಬೋಟನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆದು, ಸಮುದ್ರದ ಮೇಲೆಯೇ ಕೇಕ್ ಕತ್ತರಿಸುವ ಪರಿಪಾಠವೂ ಬೆಳೆಯುತ್ತಿದೆ. ವರ್ಷವಿಡೀ ಲೋಕಲ್ ರೈಲಿನಲ್ಲಿ ನೇತಾಡುವ ಜೀವಗಳಿಗೆ ಒಂದು ದಿನದ ಕಡಲಗಾಳಿ ಸಿಗುವುದು ಸಂತೋಷದ ಸಂಗತಿಯೇ. ಆದರೆ ಊಟದ ಪಟ್ಟಿ, ಟೀ-ಶರ್ಟಿನ ಬಣ್ಣ, ಅಂತ್ಯಾಕ್ಷರಿಯ ಬಹುಮಾನಗಳ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ಸಭೆಯಲ್ಲಿ ಬೋಟಿನ ಬಗ್ಗೆ ಕೇಳಿಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಬಾಡಿಗೆ ಎಷ್ಟು?

ಈ ಒಂದು ಪ್ರಶ್ನೆ ಸಾಲದು ಎಂಬುದನ್ನು ಇತ್ತೀಚಿನ ವರ್ಷಗಳ ದುರಂತಗಳು ಸಾರಿ ಹೇಳಿವೆ. 2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟಿದ್ದ ‘ನೀಲ್ ಕಮಲ್’ ಲಾಂಚಿಗೆ, ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದ ದೋಣಿ ಹತೋಟಿ ತಪ್ಪಿ ಬಂದು ಅಪ್ಪಳಿಸಿತು. 15 ಮಂದಿ ಪ್ರಾಣ ಕಳೆದುಕೊಂಡರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಿತಿಮೀರಿ ಜನ ತುಂಬಿದ್ದ ಎರಡಂತಸ್ತಿನ ವಿಹಾರದೋಣಿ ಮಗುಚಿ 22 ಮಂದಿ ಜಲಸಮಾಧಿಯಾದರು. ಮೀನುಗಾರಿಕೆಯ ದೋಣಿಯನ್ನೇ ಮಾರ್ಪಡಿಸಿ ಅದನ್ನು ವಿಹಾರದೋಣಿಯನ್ನಾಗಿ ಮಾಡಲಾಗಿತ್ತು. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ಭಕ್ತರ ದೋಣಿ ಮುಳುಗಿ 16 ಮಂದಿ ಅಸುನೀಗಿದ ದುಃಖವನ್ನು ಉತ್ತರ ಕನ್ನಡದವರು ಮರೆಯಲಾರರು. ಇವರಾರೂ ಸಾಹಸಕ್ಕೆ ಹೊರಟವರಲ್ಲ. ಹೆಂಡತಿ ಮಕ್ಕಳೊಡನೆ, ಬಂಧುಬಳಗದೊಡನೆ ಒಂದು ದಿನದ ಸಂತೋಷಕ್ಕೆ ಹೊರಟವರು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಇದೆ. 2020ರ ಮಾರ್ಚ್ 14ರಂದು ಮಾಂಡವಾ ಸಮೀಪ ಪ್ರಯಾಣಿಕರ ಬೋಟೊಂದಕ್ಕೆ ನೀರು ನುಗ್ಗಿ ಮುಳುಗತೊಡಗಿದಾಗ ಅದರಲ್ಲಿದ್ದ 88 ಮಂದಿಯೂ ಬದುಕಿ ಉಳಿದರು. ರಾಯಗಡ ಪೊಲೀಸರ ಗಸ್ತು ದೋಣಿ ಹತ್ತಿರದಲ್ಲೇ ಇತ್ತು, ಸಕಾಲದಲ್ಲಿ ಧಾವಿಸಿತು. ಆದರೆ ಪ್ರತಿಯೊಂದು ಸಲವೂ ಗಸ್ತು ದೋಣಿ ಕಣ್ಣಳತೆಯಲ್ಲೇ ಇರುತ್ತದೆ ಎಂಬ ಭರವಸೆಯಿಲ್ಲ. ನೀರಿನ ಮೇಲೆ ಆಪತ್ತು ಬಂದಾಗ ಉಪಯೋಗಕ್ಕೆ ಬರುವುದು ದಡದಲ್ಲಿದ್ದಾಗ ಮಾಡಿಕೊಂಡ ಸಿದ್ಧತೆ ಮಾತ್ರ.

ಬೋಟು ನೋಡಲು ಚೆಂದವಾಗಿದೆ, ಹೊಸ ಬಣ್ಣ ಬಳಿದಿದ್ದಾರೆ, ಕ್ಯಾಬಿನ್ನಿನಲ್ಲಿ ಸೋಫಾ, ಎ.ಸಿ., ಸಂಗೀತದ ವ್ಯವಸ್ಥೆ ಇದೆ ಎಂದಾಕ್ಷಣ ಜನ ಮರುಳಾಗುತ್ತಾರೆ. ಬೋಟಿನ ಆರೋಗ್ಯ ಇರುವುದು ಕಣ್ಣಿಗೆ ಕಾಣದ ಜಾಗದಲ್ಲಿ, ಕಾಲಡಿಯ ಹಲಗೆಯ ಕೆಳಗೆ. ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತದೆ, ವಯರಿನ ಜೋಡಣೆಗೆ ಕಿಲುಬು ಹಿಡಿಸುತ್ತದೆ. ಎಂಜಿನ್ನಿಗೆ ತಂಪು ನೀರೆಳೆಯುವ ಪಂಪಿನ ರಬ್ಬರ್ ಚಕ್ರ ಸವೆಯುತ್ತದೆ. ನೀರೊಳಗಿನ ರಂಧ್ರಗಳಿಗೆ ಜೋಡಿಸಿದ ಕೊಳವೆಗಳ ಕ್ಲಿಪ್ಪು ಸಡಿಲವಾದರೆ ಸದ್ದಿಲ್ಲದೆ ನೀರು ಒಳಬರುತ್ತದೆ. ಹೀಗೆ ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಪಂಪು ಬ್ಯಾಟರಿಯಿಂದ ನಡೆಯುವಂಥದ್ದು. ಬ್ಯಾಟರಿ ಸೋತರೆ ಪಂಪೂ ಸೋಲುತ್ತದೆ. ತಳದಲ್ಲಿ ನಿಂತ ನೀರು ಭಾರವಷ್ಟೇ ಅಲ್ಲ, ಬೋಟು ಓಲಿದ ಕಡೆಗೇ ತಾನೂ ಹರಿದು ಅದನ್ನು ಇನ್ನಷ್ಟು ವಾಲಿಸುತ್ತದೆ. ಆದ್ದರಿಂದ ಹತ್ತುವ ಮೊದಲು ಬೋಟು ನಡೆಸುವ ತಂಡೇಲನಲ್ಲಿ ‘ತಳದಲ್ಲಿ ನೀರಿದೆಯೇ, ಪಂಪು ಓಡಿಸಿ ತೋರಿಸಿ’ ಎಂದು ಕೇಳುವುದರಲ್ಲಿ ನಾಚಿಕೆ ಪಡಬೇಕಾದ್ದೇನೂ ಇಲ್ಲ. ಚೆನ್ನಾಗಿ ಬೋಟು ನೋಡಿಕೊಳ್ಳುವ ತಂಡೇಲ ಸಂತೋಷದಿಂದಲೇ ತೋರಿಸುತ್ತಾನೆ. ಸಿಡುಕುವವನ ಬೋಟು ಹತ್ತದಿರುವುದೇ ಲೇಸು.

ಕರಾವಳಿಯ ಮೀನುಗಾರರಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ಮಲ್ಪೆ, ಗಂಗೊಳ್ಳಿಯ ಬಂದರುಗಳಲ್ಲಿ ಬೋಟುಗಳನ್ನು ದಡಕ್ಕೆಳೆದು ತಳ ಕೆರೆದು, ಬಿರುಕು ಮುಚ್ಚಿ, ಎಂಜಿನ್ ಬಿಚ್ಚಿ ದುರಸ್ತಿ ಮಾಡುವ ಕೆಲಸ ನಡೆಯುತ್ತದೆ. ಆ ಬಳಿಕವೇ ಸಮುದ್ರಪೂಜೆ, ಆ ಬಳಿಕವೇ ಕಡಲಿಗಿಳಿಯುವುದು. ಹೊಟ್ಟೆಪಾಡಿಗಾಗಿ ಕಡಲಿಗಿಳಿಯುವವನು ಇಷ್ಟು ಎಚ್ಚರ ವಹಿಸುವಾಗ, ಮೋಜಿಗಾಗಿ ಇಳಿಯುವವರು ಬೋಟಿನ ಕೊನೆಯ ದುರಸ್ತಿ ಯಾವಾಗ ಆಯಿತು ಎಂದಾದರೂ ವಿಚಾರಿಸಬಾರದೇ?

ಕ್ಯಾಬಿನ್ ಇರುವ ಬೋಟಿನಲ್ಲಿ ಇನ್ನೆರಡು ಅಪಾಯಗಳಿವೆ. ಮೊದಲನೆಯದು ಬೆಂಕಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅಡುಗೆ ಅನಿಲವೂ ಹಾಗೆಯೇ. ಮನೆಯಲ್ಲಿ ಸೋರಿದ ಗ್ಯಾಸು ಕಿಟಕಿ ಬಾಗಿಲು ತೆರೆದರೆ ಹೊರಹೋಗಬಹುದು. ಬೋಟಿನಲ್ಲಿ ಸೋರಿದ್ದು ಬಟ್ಟಲಿನಲ್ಲಿ ನೀರು ನಿಂತಂತೆ ತಳದಲ್ಲೇ ನಿಲ್ಲುತ್ತದೆ. ಎಂಜಿನ್ ಚಾಲೂ ಮಾಡುವಾಗಿನ ಒಂದು ಕಿಡಿ ಸಾಕು. ಆದುದರಿಂದಲೇ ಎಂಜಿನ್ ಒಳಭಾಗದಲ್ಲಿರುವ ಪೆಟ್ರೋಲ್ ಬೋಟುಗಳಲ್ಲಿ ಗಾಳಿ ಹೊರದೂಡುವ ಫ್ಯಾನನ್ನು ಕನಿಷ್ಠ ನಾಲ್ಕು ನಿಮಿಷ ಓಡಿಸಿ, ವಾಸನೆ ನೋಡಿದ ಮೇಲೆಯೇ ಎಂಜಿನ್ ಚಾಲೂ ಮಾಡಬೇಕೆಂಬುದು ಅಂಗೀಕೃತ ನಿಯಮ. ಇಂಧನ ತುಂಬಿಸುವಾಗ ಪ್ರಯಾಣಿಕರೆಲ್ಲ ದಡದಲ್ಲಿರಬೇಕು, ಒಲೆ ಆರಿರಬೇಕು, ಕ್ಯಾಬಿನ್ನಿನ ಬಾಗಿಲು ಮುಚ್ಚಿರಬೇಕು. ಬಿಸಿಬಿಸಿ ಚಹಾ, ಬಜ್ಜಿಯ ಆಸೆಗೆ ಸಂಘದವರು ತಾವಾಗಿ ಗ್ಯಾಸ್ ಸಿಲಿಂಡರ್ ಒಯ್ಯುವುದಂತೂ ಸರ್ವಥಾ ಸಲ್ಲದು. ಥರ್ಮಾಸ್ ಫ್ಲಾಸ್ಕಿನ ಚಹಾಕ್ಕೂ ಅದೇ ರುಚಿ. ಅಗ್ನಿಶಾಮಕ ಸಿಲಿಂಡರ್ ಗೋಡೆಯಲ್ಲಿ ತೂಗುತ್ತಿದ್ದರೆ ಸಾಲದು. ಅದರ ಮುಳ್ಳು ಹಸಿರು ಭಾಗದಲ್ಲಿದೆಯೇ, ಪರೀಕ್ಷೆಯ ದಿನಾಂಕ ಮುಗಿದಿಲ್ಲವೇ ಎಂದು ನೋಡಬೇಕು.

ಎರಡನೆಯದು ಹೊಗೆಯ ವಿಷ. ಎಂಜಿನ್ ಮತ್ತು ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೋಟು ನಿಧಾನವಾಗಿ ಸಾಗುವಾಗ, ಇಲ್ಲವೇ ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿರುವಾಗ ಹಿಂಭಾಗದ ಹೊಗೆ ಮರಳಿ ಕ್ಯಾಬಿನ್ನಿನೊಳಗೆ ನುಗ್ಗುವುದುಂಟು. ತಲೆನೋವು, ತಲೆಸುತ್ತು, ವಾಕರಿಕೆ ಇದರ ಲಕ್ಷಣಗಳು. ಕಡಲ ಓಲಾಟಕ್ಕೆ ಬರುವ ವಾಂತಿಯ ಲಕ್ಷಣವೂ ಇದೇ ಆಗಿರುವುದು ದೊಡ್ಡ ಅಪಾಯ. ‘ಅಜ್ಜಿಗೆ ಸುಸ್ತಾಗಿದೆ, ಮಗುವಿಗೆ ನಿದ್ದೆ ಬಂದಿದೆ, ಒಳಗೆ ಮಲಗಿಸಿ’ ಎಂದು ಪ್ರೀತಿಯಿಂದ ಬಾಗಿಲೆಳೆದು ಬರುವ ತಪ್ಪು ಇಲ್ಲಿ ಪ್ರಾಣಕ್ಕೇ ಎರವಾಗಬಹುದು. ಸುಸ್ತಾದವರನ್ನು ಹೊರಗಿನ ಗಾಳಿಗೆ ಕರೆತರಬೇಕೇ ಹೊರತು ಒಳಗೆ ಮಲಗಿಸಬಾರದು. ಈ ಅನಿಲವನ್ನು ಪತ್ತೆಹಚ್ಚಿ ಕೂಗುವ ಚಿಕ್ಕ ಯಂತ್ರ ಮಾರುಕಟ್ಟೆಯಲ್ಲಿ ಸಿಗುತ್ತದೆ. ಕ್ಯಾಬಿನ್ ಬೋಟಿನಲ್ಲಿ ಅದು ಇದೆಯೇ ಎಂದು ಕೇಳುವುದು ಗಿರಾಕಿಯ ಹಕ್ಕು.

ಇನ್ನು ಲೈಫ್ ಜಾಕೆಟ್ಟಿನ ಮಾತು. 2024ರ ದುರಂತದ ನಂತರ ಗೇಟ್‌ವೇಯಲ್ಲಿ ಪ್ರಯಾಣಿಕರಿಗೆ ಜಾಕೆಟ್ ಕಡ್ಡಾಯಗೊಳಿಸಲಾಯಿತು. ಆದರೆ ಕಡ್ಡಾಯವೆಂಬುದು ದಡದಲ್ಲಿ ಪೊಲೀಸರ ಕಣ್ಣೆದುರು ತೊಟ್ಟು, ದಡ ಮರೆಯಾದೊಡನೆ ಸೆಕೆ ಎಂದೋ, ಫೋಟೋ ಚೆನ್ನಾಗಿ ಬರುವುದಿಲ್ಲ ಎಂದೋ ಕಳಚಿಡುವ ಶಾಸ್ತ್ರವಾಗಬಾರದು. ವಿಹಾರದೋಣಿಗಳ ಅಪಘಾತಗಳ ಲೆಕ್ಕವನ್ನು ವರ್ಷವರ್ಷವೂ ಪ್ರಕಟಿಸುವ ಅಮೆರಿಕದ ಕೋಸ್ಟ್ ಗಾರ್ಡ್ ವರದಿಗಳ ಪ್ರಕಾರ, ಮುಳುಗಿ ಸತ್ತವರಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ಜಾಕೆಟ್ ತೊಟ್ಟಿರಲಿಲ್ಲ. ಸೀಟಿನ ಕೆಳಗಿನ ಜಾಕೆಟ್ ಮುಳುಗುವವನ ಕೈಗೆ ಸಿಗುವುದಿಲ್ಲ, ಸಿಕ್ಕರೂ ನೀರಿನಲ್ಲಿ ತೊಡುವುದು ಸುಲಭವಲ್ಲ. ಮಕ್ಕಳಿಗೆ ಮಕ್ಕಳ ತೂಕಕ್ಕೆ ತಕ್ಕ ಜಾಕೆಟ್ಟೇ ಬೇಕು. ದೊಡ್ಡವರದ್ದನ್ನು ತೊಡಿಸಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ, ಮಗು ಕೆಳಗೆ ಎಂಬಂತಾಗುತ್ತದೆ. ಮಹಿಳೆಯರು ಸೀರೆಯ ಸೆರಗನ್ನು ಜಾಕೆಟ್ಟಿನ ಒಳಗೆ ಸೇರಿಸಿ ಪಟ್ಟಿ ಬಿಗಿಯುವುದು ಸೂಕ್ತ. ಸಂಘದ ಅಧ್ಯಕ್ಷರು, ಕಾರ್ಯದರ್ಶಿಗಳು ಮೊದಲು ತೊಟ್ಟು ಕೊನೆಯಲ್ಲಿ ಕಳಚಿದರೆ ಉಳಿದವರಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.

ಜನಸಂಖ್ಯೆಯ ಲೆಕ್ಕ ಇನ್ನೊಂದು ಮುಖ್ಯ ವಿಷಯ. ‘ನೀಲ್ ಕಮಲ್’ ಲಾಂಚಿಗೆ 84 ಪ್ರಯಾಣಿಕರ ಪರವಾನಿಗೆ ಇತ್ತು. ಅಂದು ಅದರಲ್ಲಿ ನೂರಕ್ಕೂ ಹೆಚ್ಚು ಜನರಿದ್ದರು. ವಿಹಾರಕೂಟದ ದಿನ ಬೆಳಿಗ್ಗೆ ಹೆಸರು ಕೊಡದ ನಾಲ್ಕು ಮನೆಯವರು ಬಂದು ‘ಸ್ವಲ್ಪ ಎಡ್ಜಸ್ಟ್ ಮಾಡಿ’ ಎನ್ನುವುದು ಎಲ್ಲ ಸಂಘಗಳಲ್ಲೂ ನಡೆಯುವಂಥದ್ದು. ಬಸ್ಸಿನಲ್ಲಾದರೆ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು, ಬೋಟಿನಲ್ಲಿ ಎಡ್ಜಸ್ಟ್‌ಮೆಂಟ್ ಎಂಬುದಿಲ್ಲ. ಬೋಟಿನ ಪರವಾನಿಗೆಯಲ್ಲಿ ಬರೆದಿರುವ ಸಂಖ್ಯೆಯೇ ಕೊನೆಯ ಮಾತಾಗಬೇಕು. ಸಂಖ್ಯೆ ಸರಿಯಿದ್ದರೂ ಜನ ಎಲ್ಲಿ ನಿಲ್ಲುತ್ತಾರೆ ಎಂಬುದೂ ಮುಖ್ಯ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ದಡದ ಕಾಡುಪ್ರಾಣಿಗಳನ್ನು ನೋಡಲು ಪ್ರವಾಸಿಗರು ಒಂದೇ ಬದಿಗೆ ಧಾವಿಸಿದಾಗ ‘ಜಲಕನ್ಯಕಾ’ ದೋಣಿ ಮಗುಚಿ 45 ಮಂದಿ ಸತ್ತರು. ಎಲಿಫೆಂಟಾ ದಾರಿಯಲ್ಲಿ ಯುದ್ಧನೌಕೆ ಕಂಡಿತೆಂದು ಎಲ್ಲರೂ ಒಂದೇ ಬದಿಗೆ ನುಗ್ಗುವಾಗ, ಗ್ರೂಪ್ ಫೋಟೋಗೆಂದು ಎಲ್ಲರೂ ಮೇಲಿನ ಡೆಕ್ ಹತ್ತುವಾಗ ಈ ಘಟನೆ ನೆನಪಿಗೆ ಬರಬೇಕು.

ಕಾಯಿದೆ ಇಲ್ಲವೆಂದೇನಲ್ಲ. 1917ರ ಹಳೆಯ ಕಾನೂನಿನ ಜಾಗದಲ್ಲಿ ಬಂದ 2021ರ ಒಳನಾಡು ಹಡಗುಗಳ ಕಾಯಿದೆಯು ಯಾಂತ್ರಿಕ ಬೋಟುಗಳಿಗೆ ನೋಂದಣಿ, ಸರ್ವೇ ಪ್ರಮಾಣಪತ್ರ, ವಿಮೆ ಹಾಗೂ ನಡೆಸುವವರಿಗೆ ಅರ್ಹತಾಪತ್ರವನ್ನು ವಿಧಿಸುತ್ತದೆ. ಮುಂಬಯಿ ಸುತ್ತಲಿನ ಪ್ರಯಾಣಿಕ ಬೋಟುಗಳ ಪರವಾನಿಗೆಯ ಉಸ್ತುವಾರಿ ಮಹಾರಾಷ್ಟ್ರ ಮೇರಿಟೈಮ್ ಬೋರ್ಡಿನದು. ಆದರೆ ಇನ್ಸ್‌ಪೆಕ್ಟರು ಪ್ರತಿಯೊಂದು ಬೋಟಿನ ಪ್ರತಿಯೊಂದು ಸವಾರಿಗೂ ಬರಲಾರರು. ಬ್ಯಾಂಕಿನಲ್ಲಿ ವರ್ಷಕ್ಕೊಮ್ಮೆ ಆಡಿಟ್ ನಡೆಯುತ್ತದೆಂದು ಕ್ಯಾಷಿಯರು ಸಂಜೆ ಹಣ ಎಣಿಸುವುದನ್ನು ಬಿಡುವುದಿಲ್ಲವಲ್ಲ. ವಾರ್ಷಿಕ ತಪಾಸಣೆ ಸರಕಾರದ್ದು, ಆ ದಿನದ ತಪಾಸಣೆ ಹತ್ತುವವರದ್ದು.

ಆದ್ದರಿಂದ ಸಂಘ-ಸಂಸ್ಥೆಗಳು ಈ ವರ್ಷದಿಂದಲೇ ಕೆಲವು ಪದ್ಧತಿಗಳನ್ನು ರೂಢಿಸಿಕೊಳ್ಳುವುದು ಅಗತ್ಯ. ಮುಂಗಡ ಹಣ ಕೊಡುವ ಮೊದಲೇ ನೋಂದಣಿ, ಸರ್ವೇ, ವಿಮೆಯ ಪತ್ರಗಳ ಪ್ರತಿ ಪಡೆದು ಅವಧಿ ನೋಡಬೇಕು. ಯುವ ವಿಭಾಗದ ಇಬ್ಬರು ಹಿಂದಿನ ದಿನವೇ ಹೋಗಿ ಬೋಟು ನೋಡಿ ಬರಬೇಕು. ಹತ್ತುವವರ ಹೆಸರು, ವಯಸ್ಸು, ಮನೆಯವರ ದೂರವಾಣಿ ಸಂಖ್ಯೆಯ ಪಟ್ಟಿಯ ಒಂದು ಪ್ರತಿ ದಡದಲ್ಲಿರುವ ಸದಸ್ಯರೊಬ್ಬರ ಕೈಯಲ್ಲಿರಬೇಕು, ಮರಳುವ ವೇಳೆಯೂ ಅವರಿಗೆ ತಿಳಿದಿರಬೇಕು. ಕಡಲ ಮೇಲೆ ಮೊಬೈಲ್ ಸಿಗ್ನಲ್ ಕೈಕೊಡುವುದುಂಟು. ಹಾಗಾಗಿ ಬೋಟಿನಲ್ಲಿ ವಿ.ಎಚ್.ಎಫ್. ರೇಡಿಯೋ ಇದೆಯೇ, ಆಪತ್ತಿನ ಕರೆಯ 16ನೇ ಚಾನೆಲ್ ಕೆಲಸ ಮಾಡುತ್ತಿದೆಯೇ ಎಂದು ವಿಚಾರಿಸಬೇಕು. ಕರಾವಳಿ ರಕ್ಷಣಾ ಪಡೆಯ ತುರ್ತು ಸಂಖ್ಯೆ 1554 ಎಲ್ಲರ ಮೊಬೈಲಿನಲ್ಲಿರಲಿ. ಮದ್ಯ ಸೇವಿಸಿದವರಿಗೆ ಆ ದಿನ ಬೋಟಿನಲ್ಲಿ ಸ್ಥಾನವಿಲ್ಲ ಎಂದು ಆಮಂತ್ರಣದಲ್ಲೇ ಮುದ್ರಿಸಿದರೂ ತಪ್ಪಿಲ್ಲ.

ಇಷ್ಟೆಲ್ಲ ಮಾಡಿದರೆ ಖರ್ಚು ಹೆಚ್ಚಾಗುತ್ತದೆ, ಅಗ್ಗದ ಬೋಟು ಕೈತಪ್ಪುತ್ತದೆ ಎಂಬ ಆಕ್ಷೇಪ ಬರಬಹುದು. ಸದಸ್ಯರಿಗೆ ತಲಾ ನೂರಿನ್ನೂರು ರೂಪಾಯಿ ಹೆಚ್ಚಾದರೂ ಆಗಬಹುದು. ಆದರೆ ತಳ ಕೆರೆಯಲು, ಪಂಪು ಬದಲಿಸಲು, ಹೊಸ ಜಾಕೆಟ್ ಕೊಳ್ಳಲು ಹಣ ಹಾಕಿದ ಮಾಲಕನ ಬಾಡಿಗೆ ಸ್ವಲ್ಪ ಹೆಚ್ಚಿರುವುದು ಸಹಜ. ಎಲ್ಲರೂ ಅಗ್ಗದ್ದನ್ನೇ ಹುಡುಕಿದರೆ ಪ್ರಾಮಾಣಿಕವಾಗಿ ಬೋಟು ನೋಡಿಕೊಳ್ಳುವವನೇ ಧಂದೆ ಬಿಡಬೇಕಾಗುತ್ತದೆ. ಪ್ರಶ್ನೆ ಕೇಳುವ ಗಿರಾಕಿಗಳು ಹೆಚ್ಚಿದಂತೆ ಉತ್ತರಕ್ಕೆ ಸಿದ್ಧವಿರುವ ಬೋಟುಗಳೂ ಹೆಚ್ಚುತ್ತವೆ.

ಊರು ಬಿಟ್ಟು ಬಂದ ಮಂದಿಗೆ ಪರವೂರಿನಲ್ಲಿ ಸಂಘವೇ ಬಂಧುಬಳಗ. ‘ಸಂಘದವರು ಇದ್ದಾರಲ್ಲ’ ಎಂಬ ಒಂದೇ ಧೈರ್ಯದಿಂದ ತಾಯಂದಿರು ಮಕ್ಕಳನ್ನು ಕಳಿಸುತ್ತಾರೆ, ಸೊಸೆಯಂದಿರು ಅತ್ತೆ ಮಾವಂದಿರನ್ನು ಕಳಿಸುತ್ತಾರೆ. ಆ ನಂಬಿಕೆಯೇ ಸಂಘಗಳ ನಿಜವಾದ ಠೇವಣಿ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ವಿಹಾರಕೂಟದ ವಿಷಯ ಬಂದಾಗ, ಬಾಡಿಗೆ ಎಷ್ಟು ಎಂಬ ಪ್ರಶ್ನೆಗಿಂತ ಮೊದಲು ಬೋಟು ಹೇಗಿದೆ ಎಂದು ಒಬ್ಬರಾದರೂ ಕೇಳಲಿ. ಕೇಳಿದವರನ್ನು ‘ಅಪಶಕುನ ನುಡಿಯಬೇಡಿ’ ಎಂದು ಬಾಯಿ ಮುಚ್ಚಿಸದೆ, ಬೋಟು ನೋಡಿ ಬರುವ ಜವಾಬ್ದಾರಿಯನ್ನು ಅವರಿಗೇ ವಹಿಸಲಿ.