ಪರಾಗಕ್ಕೂ ಬೇಕು ಮುನ್ಸೂಚನೆ

2016ರ ನವೆಂಬರ್ 21ರ ಸಂಜೆ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಗುಡುಗು ಸಹಿತ ಬಿರುಗಾಳಿ ಬೀಸಿತು. ನೋಡನೋಡುತ್ತಿದ್ದಂತೆ ಸಾವಿರಾರು ಜನ ಉಸಿರಾಡಲಾಗದೆ ಆಸ್ಪತ್ರೆಗಳಿಗೆ ಧಾವಿಸಿದರು. ಹತ್ತು ಮಂದಿ ಜೀವ ಕಳೆದುಕೊಂಡರು. ಗಾಳಿ ಹೊತ್ತು ತಂದಿದ್ದ ರೈ ಹುಲ್ಲಿನ ಪರಾಗ ತೇವಕ್ಕೆ ಒಡೆದು ಚೂರಾಗಿ, ಮೂಗಿನಲ್ಲೇ ನಿಲ್ಲಬೇಕಾದದ್ದು ಶ್ವಾಸಕೋಶದ ಆಳಕ್ಕೆ ಇಳಿದಿತ್ತು. ನರಳಿದವರಲ್ಲಿ ಅನೇಕರಿಗೆ ಅಲ್ಲಿಯತನಕ ಆಸ್ತಮಾ ಇರಲಿಲ್ಲ. ಋತುಮಾನದ ಸೀನು, ಕಣ್ಣುರಿ ಮಾತ್ರ ಇತ್ತು. ಅವರಲ್ಲಿ ಭಾರತ ಮೂಲದವರೂ ಬಹಳ ಮಂದಿ.

ಮರುವರ್ಷವೇ ವಿಕ್ಟೋರಿಯಾ ರಾಜ್ಯ ಇಂಥ ಬಿರುಗಾಳಿಯ ಅಪಾಯವನ್ನು ಮೊದಲೇ ತಿಳಿಸುವ ವ್ಯವಸ್ಥೆ ಮಾಡಿತು. ಅಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಪ್ರತಿದಿನ ಮುನ್ಸೂಚನೆ ಸಿಗುತ್ತದೆ. ಮಕ್ಕಳು ಮೆಲ್ಬರ್ನ್‌ನಲ್ಲಿರುವ ಕನ್ನಡಿಗ ತಂದೆ ತಾಯಿ ಫೋನ್ ಮಾಡಿದಾಗ ಇದನ್ನೊಮ್ಮೆ ನೆನಪಿಸಬೇಕು.

ಇಂಥ ಮುನ್ಸೂಚನೆಗೆ ಬೇಕಾದ ಪರಾಗದ ಎಣಿಕೆಯಲ್ಲಿ ಮಾಯಮಂತ್ರವೇನಿಲ್ಲ. ಕಟ್ಟಡದ ಮೇಲಿಟ್ಟ ಯಂತ್ರ ನಿಮಿಷಕ್ಕೆ 10 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ಒಳಗೆ ನಿಧಾನವಾಗಿ ಸುತ್ತುವ ಅಂಟುಪಟ್ಟಿಗೆ ಪರಾಗ ಮೆತ್ತಿಕೊಳ್ಳುತ್ತದೆ. ತಜ್ಞರು ಅದನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಯಾವ ಗಿಡದ್ದು ಎಷ್ಟು ಎಂದು ಎಣಿಸುತ್ತಾರೆ. ಆ ಲೆಕ್ಕಕ್ಕೆ ಗಾಳಿ, ಬಿಸಿಲು, ಮಳೆಯ ಅಂದಾಜು ಸೇರಿದರೆ ನಾಳೆಯ ಮುನ್ಸೂಚನೆ ಸಿದ್ಧ.

ಇದರ ಉಪಯೋಗ ಅಲರ್ಜಿ ಇದ್ದವರಿಗೇ ಗೊತ್ತು. ವೈದ್ಯರು ಬರೆದುಕೊಡುವ ಸ್ಟೀರಾಯ್ಡ್ ಮೂಗಿನ ಸ್ಪ್ರೇ ಪೂರ್ತಿ ಕೆಲಸ ಮಾಡಲು ಹಲವು ದಿನ ಬೇಕು. ಸೀನು ಶುರುವಾದ ಮೇಲೆ ಹಿಡಿದರೆ ತಡವಾಯಿತೆಂದೇ ಅರ್ಥ. ಪರಾಗ ಹೆಚ್ಚಿರುವ ದಿನ ಕಿಟಕಿ ಮುಚ್ಚುವುದು, ಬಟ್ಟೆಯನ್ನು ಒಳಗೆ ಒಣಹಾಕುವುದು, ಹೊರಗಿನಿಂದ ಬಂದು ತಲೆಸ್ನಾನ ಮಾಡುವುದು, ಮಾಸ್ಕ್ ಹಾಕುವುದು ಎಲ್ಲವೂ ಮೊದಲೇ ತಿಳಿದಿದ್ದರೆ ಮಾತ್ರ ಫಲ ಕೊಡುತ್ತವೆ.

ನಮ್ಮ ಬೆಂಗಳೂರಿನಲ್ಲಿ ಸೀನು ಬಂದರೆ ಕಣ್ಣಿಗೆ ಕಾಣುವ ಟಬೂಬಿಯಾ ಹೂವಿಗೆ ಬೈಗುಳ. ಆದರೆ ಅದರ ಪರಾಗವನ್ನು ಒಯ್ಯುವುದು ಮುಖ್ಯವಾಗಿ ಕೀಟಗಳು, ಗಾಳಿಯಲ್ಲ. ನಿಜವಾದ ಕಾಟ ಖಾಲಿ ಸೈಟುಗಳ ಹುಲ್ಲಿನದು, ಪಾರ್ಥೇನಿಯಂನದು. ಹಳ್ಳಿಯವರ ಬಾಯಲ್ಲಿ ಕಾಂಗ್ರೆಸ್ ಗಿಡವಾದ ಇದು ಮೂಗಿಗೂ ಚರ್ಮಕ್ಕೂ ಶತ್ರು. ಇಂಥ ಲೆಕ್ಕ ನಮ್ಮ ದೇಶಕ್ಕೆ ಹೊಸದೇನಲ್ಲ; ಚಂಡೀಗಢದ ವಿಜ್ಞಾನಿಗಳು ಯಾವ ತಿಂಗಳು ಯಾವ ಪರಾಗ ಎಂಬ ಪಂಚಾಂಗವನ್ನೇ ಸಿದ್ಧಪಡಿಸಿದ್ದಾರೆ. ಮೊಬೈಲ್ ಆ್ಯಪ್‌ಗಳು ತೋರಿಸುವ ಸಂಖ್ಯೆ ಹೆಚ್ಚಾಗಿ ಕಂಪ್ಯೂಟರಿನ ಅಂದಾಜು. ನಮ್ಮೂರ ಗಾಳಿಯನ್ನು ಹಿಡಿದು ಎಣಿಸಿದ್ದಕ್ಕೆ ಅದು ಸಾಟಿಯಲ್ಲ.

ಮಳೆಯ ಮುನ್ಸೂಚನೆ ಇದೆ, ಗಾಳಿಯ ಗುಣಮಟ್ಟದ ಸೂಚ್ಯಂಕವೂ ಇದೆ. ಪರಾಗದ ಎಣಿಕೆಯೂ ಅವುಗಳ ಜೊತೆ ಪ್ರತಿದಿನ ಜನರಿಗೆ ಸಿಗಬೇಕು. ಸರ್ಕಾರ, ವಿಶ್ವವಿದ್ಯಾಲಯ, ಆಸ್ಪತ್ರೆಗಳು ಕೂಡಿ ಬೆಂಗಳೂರಿನಿಂದಲೇ ಆರಂಭಿಸಲಿ. ಅಲ್ಲಿಯವರೆಗೆ ಓದುಗರು ತಮಗೆ ಯಾವ ತಿಂಗಳು, ಯಾವ ಜಾಗದಲ್ಲಿ ಸೀನು ಹೆಚ್ಚು ಎಂದು ಬರೆದಿಟ್ಟು ವೈದ್ಯರಿಗೆ ತೋರಿಸಲಿ. ಉಬ್ಬಸ ಕಂಡರಂತೂ ಒಂದು ದಿನವೂ ತಡಮಾಡಬೇಡಿ.