ಸೊಸೆಯ ತವರು ಕೇಳಿದೆವು, ಸಂಸದೆ ಉಳಿಯುತ್ತಾರಾ ಅಂತ ಕೇಳಲಿಲ್ಲ

ಚುನಾವಣೆ ಬಂದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಆ ಹಳೆ ಮೆಸೇಜ್ ಮತ್ತೆ ಓಡಾಡುತ್ತದೆ: ‘ಇಟಲಿಯವಳು’. ಕಳಿಸುವವರಿಗೂ ಬೈಯುವವರಿಗೂ ನಾವು ಹೇಳುವುದು ಒಂದೇ. ಅಧಿಕಾರದ ಮನೆಯವರ ಕಾಗದ ಕೇಳಿ, ಗಟ್ಟಿಯಾಗಿಯೇ ಕೇಳಿ. ಹುಟ್ಟನ್ನು ಹೀಯಾಳಿಸಬೇಡಿ.

ಮೊದಲು ಕಾಗದದ ಮಾತು. ಸೋನಿಯಾ ಗಾಂಧಿ ರಾಜೀವ್ ಗಾಂಧಿಯವರನ್ನು ಮದುವೆಯಾಗಿದ್ದು 1968ರಲ್ಲಿ. ಭಾರತದ ಪೌರತ್ವ ಪಡೆದದ್ದು 1983ರ ಏಪ್ರಿಲ್‌ನಲ್ಲಿ. ನಡುವೆ 15 ವರ್ಷ. ಅದರಲ್ಲಿ ಬಹುಪಾಲು ಅತ್ತೆ ಇಂದಿರಾ ಗಾಂಧಿ ಪ್ರಧಾನಿ, ಸೊಸೆ ಅದೇ ಮನೆಯಲ್ಲಿ. ಪೌರತ್ವ ಬರುವ ಮುಂಚೆ, 1980ರಲ್ಲೇ ದೆಹಲಿಯ ಮತದಾರರ ಪಟ್ಟಿಯಲ್ಲಿ ಅವರ ಹೆಸರಿತ್ತು ಎಂಬುದು ಆರೋಪ. ಈ ಬಗ್ಗೆ ಕೇಸು ದಾಖಲಿಸಬೇಕೆಂಬ ಅರ್ಜಿಯನ್ನು ದೆಹಲಿಯ ನ್ಯಾಯಾಲಯ 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು, ಅರ್ಜಿದಾರರು ಮೇಲಿನ ಕೋರ್ಟಿಗೆ ಹೋದರು. ಇದು ಕೇಳಬೇಕಾದ ಪ್ರಶ್ನೆಯೇ. ನಮ್ಮೂರಿಗೆ ಮದುವೆಯಾಗಿ ಬಂದ ಹೆಣ್ಣುಮಗಳು ತವರಿನ ರೇಷನ್ ಕಾರ್ಡಿನಿಂದ ಹೆಸರು ತೆಗೆಸಿ, ಇಲ್ಲಿ ಸೇರಿಸಲು ಎಷ್ಟು ಸಲ ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತುತ್ತಾಳೆ! ಆಕೆಗಿರುವ ನಿಯಮ ದೊಡ್ಡಮನೆ ಸೊಸೆಗೂ ಇರಬೇಕು.

ಆದರೆ 1999ರಲ್ಲಿ ನಮ್ಮ ಬಳ್ಳಾರಿಯಲ್ಲಿ ಕೇಳಿದ್ದು ಈ ಪ್ರಶ್ನೆಯನ್ನಲ್ಲ. ಸೋನಿಯಾ ಎದುರಿಗೆ ಸುಷ್ಮಾ ಸ್ವರಾಜ್ ನಿಂತರು. ‘ಸ್ವದೇಶಿ ಮಗಳು, ವಿದೇಶಿ ಸೊಸೆ’ ಎಂಬುದೇ ಪ್ರಚಾರವಾಯಿತು. ಸುಷ್ಮಾ ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿದರು, ಅದು ಮೆಚ್ಚಬೇಕಾದ್ದೇ. ಆದರೆ ಮಗಳು ಹರಿಯಾಣದವರು, ಸೊಸೆ ದೆಹಲಿಯವರು. ಬಳ್ಳಾರಿಯವರು ಇಬ್ಬರೂ ಅಲ್ಲ.

ಸೋನಿಯಾ ಸುಮಾರು 56 ಸಾವಿರ ಮತಗಳಿಂದ ಗೆದ್ದರು. ಅಮೇಠಿಯಲ್ಲೂ ಗೆದ್ದಿದ್ದರು. ಅಮೇಠಿ ಇಟ್ಟುಕೊಂಡು ಬಳ್ಳಾರಿ ಬಿಟ್ಟರು. ಜನ 2000ರಲ್ಲಿ ಮತ್ತೆ ಉಪಚುನಾವಣೆಯ ಸಾಲಿನಲ್ಲಿ ನಿಂತರು. ಸೋತ ಸುಷ್ಮಾ ಹಲವು ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದು ಹೋದರು. ಬಳ್ಳಾರಿಗೆ ಒಬ್ಬರಿಂದ ರಾಜೀನಾಮೆ, ಇನ್ನೊಬ್ಬರಿಂದ ಅರಿಶಿನ-ಕುಂಕುಮ.

‘ಎಲ್ಲಿ ಹುಟ್ಟಿದಿರಿ ತಾಯಿ?’ ಎಂದು ಕೇಳುವ ಗದ್ದಲದಲ್ಲಿ ‘ಗೆದ್ದರೆ ಇಲ್ಲೇ ಇರುತ್ತೀರಾ ತಾಯಿ?’ ಎಂಬ ಮಾತು ಮುಳುಗಿಹೋಯಿತು. ತವರಿನ ಜಗಳದಿಂದ ಎರಡೂ ಪಕ್ಷಕ್ಕೆ ಲಾಭವಾಯಿತು, ಮತ ಹಾಕಿದವರಿಗೆ ಏನೂ ಆಗಲಿಲ್ಲ.

ಹುಟ್ಟಿನ ಮಾತು ಎಷ್ಟು ದಿನದ್ದು ಅಂತಲೂ ನೋಡಿ. ವಿದೇಶಿ ಮೂಲದವರು ಪ್ರಧಾನಿಯಾಗಬಾರದು ಎಂದು ಶರದ್ ಪವಾರ್, ಸಂಗ್ಮಾ, ತಾರಿಕ್ ಅನ್ವರ್ 1999ರಲ್ಲಿ ಎದ್ದು ನಿಂತರು, ಎನ್‌ಸಿಪಿ ಕಟ್ಟಿದರು. ಅದೇ ವರ್ಷ ಮಹಾರಾಷ್ಟ್ರದಲ್ಲಿ ಕಾಂಗ್ರೆಸ್ ಜೊತೆ ಸರ್ಕಾರ ಮಾಡಿದರು. 2004ರಲ್ಲಿ ಪವಾರ್ ಕೇಂದ್ರ ಕೃಷಿ ಸಚಿವರಾದರು. ಕುರ್ಚಿ ಸಿಕ್ಕ ಮೇಲೆ ಇಟಲಿ ದೂರವಾಯಿತು.

ಕಾನೂನು ಸ್ಪಷ್ಟವಾಗಿದೆ. ಭಾರತೀಯರನ್ನು ಮದುವೆಯಾದ ವಿದೇಶಿಯರು ಏಳು ವರ್ಷ ಇಲ್ಲಿ ವಾಸವಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಸಿಕ್ಕ ಮೇಲೆ ಚುನಾವಣೆಗೆ ನಿಲ್ಲಬಹುದು, ಪ್ರಧಾನಿಯೂ ಆಗಬಹುದು. ಬೇಡವೆನ್ನುವವರು ಕಾನೂನು ತಿದ್ದಲಿ. ಅದು ಬಿಟ್ಟು ಒಬ್ಬ ಹೆಣ್ಣುಮಗಳ ತವರನ್ನು ಬೈಗುಳ ಮಾಡಿಕೊಂಡರೆ, ಆ ಬೈಗುಳ ದೆಹಲಿಯಲ್ಲೇ ನಿಲ್ಲುವುದಿಲ್ಲ. ಗಡಿಯಾಚೆ ಆಂಧ್ರದಿಂದ, ಮಹಾರಾಷ್ಟ್ರದಿಂದ ನಮ್ಮೂರಿಗೆ ಬಂದ ಸೊಸೆ ಪಂಚಾಯ್ತಿಗೆ ನಿಂತಾಗಲೂ ‘ಹೊರಗಿನವಳು’ ಎಂಬ ಮಾತು ಬರುತ್ತದೆ.

ಮುಂದಿನ ಸಲ ಆ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೆ ಹೀಗೆ ಕೇಳಿ: ಅಣ್ಣಾ, ಅವರ ತವರು ಗೊತ್ತಾಯ್ತು. ನಮ್ಮ ಎಂಪಿ ಊರಿಗೆ ಕೊನೆಗೆ ಬಂದಿದ್ದು ಯಾವಾಗ?