ಸಾಕುಪ್ರಾಣಿಗಳ ಪರೋಪಜೀವಿಗಳೂ ನಮ್ಮ ವಿದ್ಯಾಭ್ಯಾಸವೂ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ದನಕುರಿಗಳ ಹೊಟ್ಟೆಯ ಹುಳುಗಳನ್ನು ಕುರಿತು ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆಯುವುದೆಂದರೆ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಸಾಹಿತ್ಯಗಳನ್ನು ಓದುವವನಿಗೆ ಈ ಗೊಡವೆ ಏತಕ್ಕೆ, ಅದಕ್ಕೆ ಪಶುವೈದ್ಯರಿಲ್ಲವೆ ಎಂದು ನನ್ನ ಮಿತ್ರರು ಆಗಲೇ ಕೇಳಿದ್ದಾರೆ. ನನ್ನ ಉತ್ತರವಿಷ್ಟೆ: ಈ ಕಾಲೇಜಿನಲ್ಲಿ ಓದುವವರಲ್ಲಿ ಬಹು ಮಂದಿ ಹಳ್ಳಿಗಳಿಂದ ಬಂದವರು. ನಮ್ಮಲ್ಲಿ ಅನೇಕರ ಪರೀಕ್ಷಾ ಶುಲ್ಕವು ಹಾಲಿನ ಹಣದಿಂದಲೋ, ಸಂತೆಯಲ್ಲಿ ಟಗರು ಮಾರಿದ ಹಣದಿಂದಲೋ ಬಂದುದು. ನನ್ನ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ನನ್ನನ್ನು ಇಲ್ಲಿಗೆ ಕಳುಹಿಸಿದ್ದು ಎರಡು ಎಮ್ಮೆಗಳೂ ಒಂದು ಸಣ್ಣ ಕುರಿಮಂದೆಯೂ ಎಂದರೆ ಅತಿಶಯೋಕ್ತಿಯಲ್ಲ. ಹೀಗಿರಲು ಆ ಪ್ರಾಣಿಗಳ ರಕ್ತವನ್ನು ಹೀರುವ ಜೀವಿಗಳ ವಿಷಯವು ನಮಗೆ ಸಂಬಂಧಿಸಿದ್ದಲ್ಲವೆಂದು ಹೇಳುವುದು ಹೇಗೆ?

ಇತರ ಜೀವಿಯ ದೇಹದಲ್ಲಿದ್ದು ಅದರ ಅನ್ನವನ್ನೇ ಉಂಡು ಬಾಳುವ ಜೀವಿಯನ್ನು ಪರೋಪಜೀವಿ ಎನ್ನುತ್ತಾರೆ. ಆದರೆ ಇವುಗಳ ವಿಷಯದಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಒಂದು ಸಂಗತಿಯಿದೆ. ಅವುಗಳಲ್ಲಿ ಹೆಚ್ಚಿನವು ತಮ್ಮ ಬಾಳಿನ ಅರ್ಧವನ್ನು ಮಾತ್ರ ಪ್ರಾಣಿಯ ಮೈಯಲ್ಲಿ ಕಳೆಯುತ್ತವೆ. ಉಳಿದರ್ಧವು ಕಳೆಯುವುದು ಹೊರಗೆ: ಸಗಣಿಯಲ್ಲಿ, ಹುಲ್ಲಿನ ತುದಿಯಲ್ಲಿ, ಕೆರೆಯಂಚಿನ ಬಸವನಹುಳುವಿನೊಳಗೆ, ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ. ವೈದ್ಯರ ಔಷಧಿಯು ಮೊದಲನೆಯ ಅರ್ಧವನ್ನು ಮುಟ್ಟಬಲ್ಲದು. ಎರಡನೆಯ ಅರ್ಧವನ್ನು ಮುಟ್ಟಬೇಕಾದವರು ಆ ಪ್ರಾಣಿಯನ್ನು ಸಾಕುವ ಮನೆಯವರು. ಅವರಿಗೆ ಅದರ ಜೀವನಚಕ್ರವೇ ತಿಳಿಯದಿದ್ದರೆ ಔಷಧಿಗೆ ಕೊಟ್ಟ ಹಣವು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆಯೇ ಸರಿ. ಆದುದರಿಂದ ಈ ಜೀವನಚಕ್ರಗಳ ಜ್ಞಾನವು ಪಠ್ಯಪುಸ್ತಕದ ಚಿತ್ರವಾಗಿ ಉಳಿಯದೆ ಕನ್ನಡದಲ್ಲಿ ಪ್ರತಿಯೊಂದು ಮನೆಯನ್ನೂ ಮುಟ್ಟಬೇಕು, ಅದನ್ನು ಮುಟ್ಟಿಸುವ ಹೊಣೆ ಓದಿದ ನಮ್ಮ ಮೇಲಿದೆ ಎಂಬುದೇ ನಾನು ಇಲ್ಲಿ ಮಂಡಿಸಬಯಸುವ ವಿಚಾರ.

ಮೊದಲು ದನ, ಎಮ್ಮೆ, ಕುರಿಗಳ ಪಿತ್ತಜನಕಾಂಗದಲ್ಲಿ ವಾಸಿಸುವ ಎಲೆಯಾಕಾರದ ಚಪ್ಪಟೆ ಹುಳುವನ್ನು ತೆಗೆದುಕೊಳ್ಳೋಣ. ಇದರ ಮೊಟ್ಟೆಗಳು ಪಿತ್ತನಾಳದಿಂದ ಕರುಳಿಗಿಳಿದು ಸಗಣಿಯೊಡನೆ ಹೊರಬೀಳುತ್ತವೆ. ಸಗಣಿಯು ನೀರನ್ನು ಸೇರಿದರೆ ಕೆಲವು ವಾರಗಳಲ್ಲಿ ಮೊಟ್ಟೆಯೊಡೆದು, ಕಣ್ಣಿಗೆ ಕಾಣದಷ್ಟು ಸಣ್ಣ ಮರಿಯು ಈಜುತ್ತ ಹೊರಡುತ್ತದೆ. ಒಂದು ದಿನದೊಳಗಾಗಿ ಅದಕ್ಕೆ ತಕ್ಕ ಜಾತಿಯ ಬಸವನಹುಳು ಸಿಕ್ಕಬೇಕು, ಸಿಕ್ಕದಿದ್ದರೆ ಅದು ಸಾಯುತ್ತದೆ. ಸಿಕ್ಕಿದರೆ ಆ ಬಸವನಹುಳುವಿನೊಳಗೆ ಹೊಕ್ಕು, ರೂಪದ ಮೇಲೆ ರೂಪವನ್ನು ತಾಳಿ, ಒಂದು ಹೋಗಿ ನೂರಾರಾಗಿ ಹೊರಬರುತ್ತದೆ. ಹೀಗೆ ಹೊರಬಂದವು ನೀರಂಚಿನ ಹುಲ್ಲಿಗೂ ಬತ್ತದ ಕೂಳೆಗೂ ಅಂಟಿಕೊಂಡು, ಸುತ್ತಲೂ ಗಟ್ಟಿಯಾದ ಕೋಶವನ್ನು ಕಟ್ಟಿಕೊಂಡು ಕಾಯುತ್ತವೆ. ಹಸಿದ ಎಮ್ಮೆ ಆ ಹುಲ್ಲನ್ನು ಮೇಯ್ದೊಡನೆ ಕೋಶವೊಡೆದು, ಎಳೆಯ ಹುಳುಗಳು ಕರುಳನ್ನು ಕೊರೆದು ಪಿತ್ತಜನಕಾಂಗವನ್ನು ಸೇರುತ್ತವೆ. ತಿಂಗಳುಗಳು ಕಳೆದ ಮೇಲೆ ಹಾಲು ಇಳಿಯುತ್ತದೆ, ಮೈ ಸೊರಗುತ್ತದೆ, ದವಡೆಯ ಕೆಳಗೆ ನೀರು ತುಂಬಿದ ಊತ ಕಾಣುತ್ತದೆ.

ಇಂಗ್ಲೆಂಡಿನಲ್ಲಿ ೧೮೭೯-೮೦ರಲ್ಲಿ ಈ ಜಾತಿಗೆ ಸಮೀಪವಾದ ಹುಳುವಿನಿಂದ ಲಕ್ಷಾಂತರ ಕುರಿಗಳು ಸತ್ತವು. ಅನಂತರವೇ ಅಲ್ಲಿಯ ಎ. ಪಿ. ಥಾಮಸ್ ಎಂಬುವರೂ ಜರ್ಮನಿಯ ಲ್ಯೂಕಾರ್ಟ್ ಎಂಬುವರೂ ಬೇರೆಬೇರೆಯಾಗಿ ಶ್ರಮಿಸಿ ೧೮೮೦ರ ದಶಕದ ಆದಿಯಲ್ಲಿ ಈ ಚಕ್ರವನ್ನು ಪೂರ್ತಿಯಾಗಿ ಬಿಡಿಸಿ ತೋರಿಸಿದರು. ಅದಾಗಿ ೧೪೦ ವರ್ಷಗಳೇ ಕಳೆದಿವೆ. ಆದರೂ ನಮ್ಮೂರ ಕೆರೆಯಂಚಿನಲ್ಲಿ ಬೇಸಗೆಯ ಹಸಿರು ಹುಲ್ಲನ್ನು ಕಂಡು ಸಂತೋಷದಿಂದ ಎಮ್ಮೆಯನ್ನು ಬಿಡುವ ತಾಯಿಗೆ ಆ ಹುಲ್ಲಿನ ಮೇಲೆ ಏನಿದೆಯೆಂದು ಯಾರೂ ಹೇಳಿಲ್ಲ. ಹೇಳಿದ್ದರೆ ಅವಳು ಮಾಡಬೇಕಾದುದು ದೊಡ್ಡ ಕೆಲಸವೇನೂ ಅಲ್ಲ. ಜೌಗಿನ ಅಂಚಿಗೆ ಬಿಡದೆ ತೊಟ್ಟಿಯಲ್ಲಿ ನೀರು ಕುಡಿಸುವುದು, ನೀರಂಚಿನ ಹುಲ್ಲನ್ನು ಹಸಿಯಾಗಿ ಹಾಕದೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಹಾಕುವುದು, ಸಗಣಿಯನ್ನು ತಿಪ್ಪೆಯಲ್ಲಿ ಕೂಡಿಹಾಕಿ ಅದರ ಕಾವಿನಲ್ಲಿಯೇ ಮೊಟ್ಟೆಗಳು ಬೇಯುವಂತೆ ಮಾಡುವುದು. ಬಾತುಕೋಳಿಯನ್ನು ಸಾಕಿದರೆ ಅದು ಬಸವನಹುಳುಗಳನ್ನು ತಿಂದು ನಮ್ಮ ಕೆಲಸವನ್ನು ಇನ್ನಷ್ಟು ಹಗುರಮಾಡುತ್ತದೆ. ಔಷಧಿಯಲ್ಲಿಯೂ ಭೇದವಿದೆ. ಕೆಲವು ಬೆಳೆದ ಹುಳುವನ್ನು ಮಾತ್ರ ಕೊಂದು ಎಳೆಯದನ್ನು ಬಿಟ್ಟುಬಿಡುತ್ತವೆ. ಯಾವಾಗ ಯಾವುದನ್ನು ಕೊಡಬೇಕೆಂದು ವೈದ್ಯರನ್ನು ಕೇಳಬೇಕಾದರೂ ಈ ಚಕ್ರದ ಅರಿವು ಬೇಕು.

ಇನ್ನು ಕುರಿಗಳ ಶತ್ರುವನ್ನು ನೋಡೋಣ. ೨೦೧೯ರ ಜಾನುವಾರು ಗಣತಿಯಂತೆ ನಮ್ಮ ರಾಜ್ಯದ ಕುರಿಗಳ ಸಂಖ್ಯೆಯು ಒಂದು ಕೋಟಿಯನ್ನು ಮೀರಿದೆ. ಇವುಗಳ ಹೊಟ್ಟೆಯಲ್ಲಿ, ಕೆಂಪು ಬಿಳಿ ದಾರಗಳನ್ನು ಹೊಸೆದಂತೆ ಕಾಣುವ ಒಂದು ಸಣ್ಣ ಹುಳುವಿರುತ್ತದೆ. ಉದ್ದವು ಎರಡು ಮೂರು ಸೆಂಟಿಮೀಟರು ಮಾತ್ರ, ಆಹಾರವು ರಕ್ತ. ಒಂದು ಹೆಣ್ಣು ಹುಳುವು ದಿನವೊಂದಕ್ಕೆ ೫,೦೦೦ದಿಂದ ೧೦,೦೦೦ದವರೆಗೆ ಮೊಟ್ಟೆಗಳನ್ನಿಡುತ್ತದೆ. ಹಿಕ್ಕೆಯೊಡನೆ ನೆಲಕ್ಕೆ ಬಿದ್ದ ಮೊಟ್ಟೆಯು ಮಳೆಗಾಲದ ಬೆಚ್ಚನೆಯ ತೇವದಲ್ಲಿ ಸುಮಾರು ಒಂದು ವಾರದೊಳಗೆ ಕುರಿಯನ್ನು ಸೇರಲು ಸಿದ್ಧವಾದ ಮರಿಯಾಗುತ್ತದೆ. ಆ ಮರಿಗೆ ಕಾಲಿಲ್ಲ, ರೆಕ್ಕೆಯಿಲ್ಲ. ಅದು ಹುಲ್ಲಿನ ಮೇಲಕ್ಕೆ ಏರುವುದು ಇಬ್ಬನಿಯ ಅಥವಾ ಮಳೆಯ ನೀರಿನ ತೆಳುವಾದ ಪೊರೆಯಲ್ಲಿ ಈಜಿ. ಬಿಸಿಲೇರಿ ಹುಲ್ಲು ಒಣಗಿದರೆ ಮತ್ತೆ ಬುಡಕ್ಕೆ ಇಳಿಯುತ್ತದೆ.

ನಮ್ಮ ಅಜ್ಜನು ಬೆಳಗಿನ ಇಬ್ಬನಿ ಆರುವವರೆಗೆ ಮಂದೆಯನ್ನು ಹಟ್ಟಿಯಿಂದ ಹೊರಡಿಸುತ್ತಿರಲಿಲ್ಲವಂತೆ. ಒಂದೇ ಬಯಲಿನಲ್ಲಿ ಬಹು ದಿನ ಮೇಯಿಸುತ್ತಲೂ ಇರಲಿಲ್ಲ. ಕುರಿಯ ಕಣ್ಣಿನ ರೆಪ್ಪೆಯನ್ನು ಮಡಿಚಿ ಒಳಗಿನ ಕೆಂಪು ಮಾಸಿದೆಯೇ ಎಂದು ನೋಡುತ್ತಿದ್ದನು. ರಕ್ತಹೀನತೆಯನ್ನು ಗುರುತಿಸುವ ಇದೇ ಉಪಾಯವನ್ನು ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಬಣ್ಣದ ಪಟವಾಗಿ ಮಾಡಿದ್ದು, ಅದು ಈಗ ಹಲವು ದೇಶಗಳ ಕುರಿಗಾರರ ಕೈಯಲ್ಲಿದೆ. ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ. 'ಹೀಗೆ ಮಾಡಬೇಕು' ಎಂಬುದು ಗೊತ್ತಿತ್ತು, 'ಏಕೆ' ಎಂಬುದು ಗೊತ್ತಿರಲಿಲ್ಲ. ಕಾರಣ ತಿಳಿಯದ ರೂಢಿಯು ಅನುಕೂಲ ಬದಲಾದೊಡನೆ ಬಿದ್ದುಹೋಗುತ್ತದೆ. ಈಗ ನಮ್ಮ ಮನೆಯಲ್ಲಿ ಹೊತ್ತಿಗೆ ಮುಂಚೆಯೇ ಕುರಿಗಳು ಹೊರಡುತ್ತವೆ, ಏಕೆಂದರೆ ಹಗಲಿಗೆ ಕೂಲಿಯ ಕೆಲಸವಿರುತ್ತದೆ. ಹುಳುವಿನ ಔಷಧಿಯನ್ನು ಪದೇ ಪದೇ ಕುಡಿಸುವುದೊಂದೇ ಉಳಿದ ದಾರಿಯಾಗಿದೆ. ಒಂದೇ ಔಷಧಿಯನ್ನು ಲೆಕ್ಕವಿಲ್ಲದೆ ಕೊಡುತ್ತ ಹೋದರೆ ಅದಕ್ಕೆ ಬಗ್ಗದ ಹುಳುಗಳು ಮಾತ್ರ ಉಳಿದು ಬೆಳೆಯುತ್ತವೆ. ಹಲವು ದೇಶಗಳಲ್ಲಿ ಇದು ಆಗಿದೆ, ನಮ್ಮ ದೇಶದಲ್ಲಿಯೂ ಕಂಡುಬಂದಿದೆ. ಅಜ್ಜನ ರೂಢಿಗೆ ಮೊಮ್ಮಗನ ವಿದ್ಯೆಯು ಕಾರಣವನ್ನು ಸೇರಿಸಿದ್ದರೆ ಎರಡೂ ಉಳಿಯುತ್ತಿದ್ದವು.

ಮೂರನೆಯದು ಉಣ್ಣೆ. ಮಲೆನಾಡಿನಲ್ಲಿ ಇದನ್ನು ಉಣುಗು ಎನ್ನುತ್ತಾರೆ. ದನದ ಕಿವಿಯಿಂದಲೋ ಕೆಚ್ಚಲಿನಿಂದಲೋ ರಕ್ತ ಕುಡಿದು ಉಬ್ಬಿದ ಉಣ್ಣೆಯನ್ನು ಕಿತ್ತು ಅಲ್ಲಿಯೇ ನೆಲಕ್ಕೆ ಎಸೆಯುವುದು ಹಳ್ಳಿಗಳಲ್ಲಿ ದಿನನಿತ್ಯದ ನೋಟ. ಆದರೆ ಹೊಟ್ಟೆ ತುಂಬಿದ ಹೆಣ್ಣು ಉಣ್ಣೆಗೆ ಬೇಕಾದುದೇ ಅದು! ಅದು ತಾನಾಗಿಯೇ ನೆಲಕ್ಕುದುರಿ, ಮಣ್ಣಿನಲ್ಲಿಯೋ ಗೋಡೆಯ ಬಿರುಕಿನಲ್ಲಿಯೋ ಎರಡು ಮೂರು ಸಾವಿರ ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಎಸೆದವರು ಅದಕ್ಕೆ ಉಪಕಾರ ಮಾಡಿದಂತಾಯಿತು. ಕಿತ್ತುದನ್ನು ಸೀಮೆಎಣ್ಣೆಯಲ್ಲಿಯೋ ಬೆಂಕಿಯಲ್ಲಿಯೋ ಹಾಕಬೇಕು, ಕೊಟ್ಟಿಗೆಯ ಗೋಡೆಯ ಬಿರುಕುಗಳನ್ನು ಮೆತ್ತಬೇಕು. ಉಣ್ಣೆಯು ರಕ್ತವನ್ನು ಮಾತ್ರ ಕುಡಿಯುವುದಿಲ್ಲ, ರೋಗವನ್ನೂ ಬಿತ್ತುತ್ತದೆ ಎಂಬುದನ್ನು ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್ ಎಂಬುವರು ದನಗಳ ಜ್ವರವೊಂದನ್ನು ಅಭ್ಯಾಸಮಾಡಿ ೧೮೯೩ರಲ್ಲಿಯೇ ಪ್ರಕಟಿಸಿದರು. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಮಲೇರಿಯದ ಸೊಳ್ಳೆಯ ರಹಸ್ಯವನ್ನು ಕಂಡದ್ದು ಅದಾದ ಮೇಲೆ, ೧೮೯೭ರಲ್ಲಿ.

ಈ ಮಾತು ನಮ್ಮ ರಾಜ್ಯಕ್ಕೆ ಎಷ್ಟು ಹತ್ತಿರದ್ದು ಎಂಬುದಕ್ಕೆ ಶಿವಮೊಗ್ಗ ಜಿಲ್ಲೆಯೇ ಸಾಕ್ಷಿ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಜನರು ಜ್ವರದಿಂದ ನರಳಿದರು. ಇದೇ ಮಂಗನ ಕಾಯಿಲೆ. ಇದನ್ನು ಹರಡುವುದು ಕಾಡಿನ ಉಣುಗು. ಅದರ ಮರಿಗಳು ಸಣ್ಣ ಪ್ರಾಣಿಗಳನ್ನೂ ಮಂಗಗಳನ್ನೂ ಹಿಡಿಯುತ್ತವೆ. ಮಳೆಗಾಲ ಕಳೆದ ಮೇಲೆ, ಬೇಸಗೆಯವರೆಗೂ, ಇನ್ನೂ ಪೂರ್ತಿ ಬೆಳೆಯದ ಎಳೆ ಉಣುಗುಗಳು ಸೌದೆಗೆ, ತರಗೆಲೆಗೆ ಕಾಡಿಗೆ ಹೋದವರನ್ನು ಕಚ್ಚುತ್ತವೆ. ಬೆಳೆದ ಉಣುಗಿಗೆ ದನವೇ ದೊಡ್ಡ ಆಶ್ರಯ. ದನಕ್ಕೆ ಈ ಕಾಯಿಲೆ ಬರುವುದಿಲ್ಲವಾದರೂ ಅದರ ರಕ್ತದಿಂದ ಉಣುಗಿನ ಸಂತತಿ ಹೆಚ್ಚುತ್ತದೆ. ದನದ ಮೈಯನ್ನು ಶುಚಿಯಾಗಿಡುವುದು ಮನುಷ್ಯರ ಪ್ರಾಣದ ಪ್ರಶ್ನೆಯೂ ಆಗಿದೆಯೆಂದು ಇದರಿಂದ ತಿಳಿಯುವುದಿಲ್ಲವೆ?

'ಇದೆಲ್ಲ ಸರಿ, ಹಳ್ಳಿಯ ಜನರಿಗೆ ಹೇಳಿದರೆ ಕೇಳುತ್ತಾರೆಯೆ?' ಎಂದು ವಿದ್ಯಾವಂತರು ಆಡುವ ಮಾತೊಂದಿದೆ. ಇದಕ್ಕೆ ಐಸ್‌ಲೆಂಡ್ ಎಂಬ ದೂರದ ದ್ವೀಪದ ಇತಿಹಾಸವು ಉತ್ತರ ಕೊಡುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಕುರಿಗಾರರ ಮನೆಗಳಲ್ಲಿ ಪಿತ್ತಜನಕಾಂಗ, ಶ್ವಾಸಕೋಶಗಳಲ್ಲಿ ನೀರು ತುಂಬಿದ ಗುಳ್ಳೆಗಳೇಳುವ ಹೈಡಾಟಿಡ್ ಎಂಬ ರೋಗವು ಬಹು ವ್ಯಾಪಕವಾಗಿತ್ತು. ಇದರ ಮೂಲವು ನಾಯಿಯ ಕರುಳಿನ ಒಂದು ಸಣ್ಣ ಲಾಡಿಹುಳು, ಅಕ್ಕಿಯ ಕಾಳಿಗಿಂತ ದೊಡ್ಡದಲ್ಲ. ಅದರ ಮೊಟ್ಟೆಯು ನಾಯಿಯ ಮಲದಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ ಹೋಗಿ ಗುಳ್ಳೆಯಾಗುತ್ತದೆ. ಕುರಿಯನ್ನು ಕಡಿದಾಗ ಆ ಗುಳ್ಳೆಯುಳ್ಳ ಭಾಗವನ್ನು ನಾಯಿಗೆ ಎಸೆದರೆ ಚಕ್ರವು ಪೂರ್ಣವಾಗುತ್ತದೆ. ನಾಯಿಯನ್ನು ಮುಟ್ಟಿ ಕೈ ತೊಳೆಯದೆ ಉಂಡ ಮನುಷ್ಯನ ಹೊಟ್ಟೆಗೂ ಅದೇ ಮೊಟ್ಟೆ ಸೇರುತ್ತದೆ. ಹರಾಲ್ಡ್ ಕ್ರಾಬೆ ಎಂಬ ಡೆನ್ಮಾರ್ಕಿನ ವಿಜ್ಞಾನಿ ಅಲ್ಲಿಗೆ ಹೋಗಿ ನಾಯಿಗಳನ್ನು ಪರೀಕ್ಷಿಸಿದಾಗ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ನಾಯಿಗಳಲ್ಲಿ ಆ ಹುಳು ಸಿಕ್ಕಿತು. ಅವರು ಮಾಡಿದ ಕೆಲಸವೇನು? ೧೮೬೪ರಲ್ಲಿ ಐಸ್‌ಲೆಂಡಿನ ಜನರ ಭಾಷೆಯಲ್ಲಿಯೇ ಈ ಚಕ್ರವನ್ನು ವಿವರಿಸುವ ಒಂದು ಸಣ್ಣ ಪುಸ್ತಿಕೆಯನ್ನು ಅಚ್ಚುಹಾಕಿಸಿದರು. ಅದನ್ನು ಮನೆಮನೆಗೂ ಉಚಿತವಾಗಿ ಹಂಚಲಾಯಿತು. ಓದು ಬಲ್ಲ ಆ ಜನರು ಅದನ್ನು ಓದಿ, ಗುಳ್ಳೆಯುಳ್ಳ ಭಾಗಗಳನ್ನು ನಾಯಿಗೆ ಹಾಕದೆ ಸುಡಲೂ ಹೂಳಲೂ ತೊಡಗಿದರು. ಮುಂದೆ ಬಂದ ಕಾಯಿದೆಗಳೂ ವಧಾಲಯಗಳ ಶಿಸ್ತೂ ನೆರವಾದವು. ಇಪ್ಪತ್ತನೆಯ ಶತಮಾನವು ಮುಗಿಯುವಷ್ಟರಲ್ಲಿ ಆ ರೋಗವು ಆ ದ್ವೀಪದಿಂದ ನಿರ್ಮೂಲವಾಗಿತ್ತು. ಕೇಳುವುದಿಲ್ಲವೆಂದು ಜನರನ್ನು ದೂರುವ ಮೊದಲು, ಅವರಿಗೆ ಅರ್ಥವಾಗುವ ಮಾತಿನಲ್ಲಿ ನಾವು ಹೇಳಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ನಮ್ಮ ಮನೆಗೆ ತಂದ ಹುಳುವಿನ ಔಷಧಿಯ ಸೀಸೆಯೊಂದರ ಮೇಲೆ ಒಂದಕ್ಷರವೂ ಕನ್ನಡದಲ್ಲಿರಲಿಲ್ಲ. ಅಳತೆಯನ್ನು ಓದಿ ಹೇಳಲು ನಾನು ರಜೆಗೆ ಬರುವ ತನಕ ಅದು ಗೂಡಿನಲ್ಲಿಯೇ ಕುಳಿತಿತ್ತು.

ಪಶುವೈದ್ಯರಿಂದಲೇ ಎಲ್ಲವೂ ಆಗಲಿ ಎನ್ನುವವರಿಗೆ ನಾನು ವಿನಯದಿಂದ ಹೇಳುವುದಿಷ್ಟು. ವೈದ್ಯರು ರೋಗ ಕಂಡ ದಿನ ಬರುತ್ತಾರೆ, ಹುಳುವಾದರೋ ಕಾಣದ ದಿನಗಳಲ್ಲಿ ಬೆಳೆಯುತ್ತದೆ. ಎಮ್ಮೆಯ ಕರುವಿನ ಹೊಟ್ಟೆಯ ದುಂಡುಹುಳುವು ತಾಯಿಯ ಹಾಲಿನೊಡನೆಯೇ ಮೊದಲ ದಿನಗಳಲ್ಲಿ ಕರುವಿಗೆ ಇಳಿಯುತ್ತದೆ. ಹುಟ್ಟಿದ ಎರಡನೆಯ ವಾರದಲ್ಲಿಯೇ ಔಷಧಿ ಕೊಡಬೇಕೆಂಬುದು ಮನೆಯ ಯಜಮಾನಿಗೆ ತಿಳಿದಿರದಿದ್ದರೆ, ಕರು ಸೊರಗಿದ ಮೇಲೆ ಬಂದ ವೈದ್ಯರು ಏನು ತಾನೆ ಮಾಡಿಯಾರು?

ಹಾಗಾದರೆ ನಮ್ಮಿಂದ ಆಗುವುದೇನು? ನನ್ನ ಸಲಹೆಗಳು ದೊಡ್ಡವಲ್ಲ. ಊರೂರಿನ ಹಾಲಿನ ಸಂಘದ ಕಟ್ಟೆಗೆ ದಿನಕ್ಕೆರಡು ಬಾರಿ ಜನರು ಕ್ಯಾನು ಹಿಡಿದು ಬಂದು ಸರದಿಯಲ್ಲಿ ನಿಲ್ಲುತ್ತಾರೆ. ಅಲ್ಲಿಯ ಗೋಡೆಗೆ ಈ ನಾಲ್ಕೈದು ಜೀವನಚಕ್ರಗಳನ್ನು ಚಿತ್ರ ಸಹಿತ ಕನ್ನಡದಲ್ಲಿ ಬರೆದು ಅಂಟಿಸಬಹುದು. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ಚರಂಡಿ ತೆಗೆಯುವುದರ ಜೊತೆಗೆ ಒಂದು ಸಂಜೆಯನ್ನು ಪಶುವೈದ್ಯರ ಉಪನ್ಯಾಸಕ್ಕೆ ಮೀಸಲಿಡಬಹುದು. ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ವಿಷಯವನ್ನು ಕೊಡಲಿ, ಕನ್ನಡದ ವಿದ್ಯಾರ್ಥಿಗಳಾದ ನಾವು ಅದಕ್ಕೆ ಮಾತನ್ನು ಕೊಡೋಣ. ಪೂಜ್ಯ ಅಧ್ಯಾಪಕರು ಬರೆದುದನ್ನು ತಿದ್ದಿಕೊಟ್ಟರೆ ಹತ್ತು ಪುಟಗಳ ಪುಸ್ತಿಕೆಯೊಂದು ಈ ವರ್ಷವೇ ಸಿದ್ಧವಾದೀತು. ಮೊದಲ ಪ್ರತಿಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿಹೇಳುವ ಕೆಲಸ ನಮ್ಮದು, ಏಕೆಂದರೆ ನಮ್ಮಲ್ಲಿ ಅನೇಕರ ತಾಯಿತಂದೆಗಳಿಗೆ ಓದು ಬಾರದು.

ಬರುವ ಏಪ್ರಿಲಿನಲ್ಲಿ ನಾವು ಕೆಲವರು ಪದವಿಯನ್ನು ಪಡೆದು ಹೊರಡುತ್ತೇವೆ. ನೌಕರಿ ಸಿಕ್ಕೀತು, ಸಿಕ್ಕದೆಯೂ ಇದ್ದೀತು. ಆದರೆ ನಮ್ಮನ್ನು ಓದಿಸಿದ ಕೊಟ್ಟಿಗೆಗೆ ನಾವು ಸಲ್ಲಿಸಬೇಕಾದ ಋಣವೊಂದಿದೆ. ಕಿತ್ತ ಉಣ್ಣೆಯನ್ನು ನೆಲಕ್ಕೆ ಎಸೆಯಬಾರದೇಕೆ, ಇಬ್ಬನಿಯಲ್ಲಿ ಕುರಿಯನ್ನು ಬಿಡಬಾರದೇಕೆ ಎಂದು ಮನೆಯವರಿಗೆ ಕಾರಣ ಸಹಿತ ತಿಳಿಸುವುದರಿಂದ ಅದನ್ನು ತೀರಿಸಲು ತೊಡಗೋಣ. ಈ ಬೇಸಗೆಯ ರಜೆಯಲ್ಲಿಯೇ ಸಹಪಾಠಿಗಳು ಆ ಕೆಲಸಕ್ಕೆ ಕೈಹಾಕಬೇಕೆಂದು ನನ್ನ ಪ್ರಾರ್ಥನೆ.